ಉದ್ಯಮದ ನೆಲೆ, ಊರಿನ ಹೊರೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಶಿರವಾಳವು ಪ್ರಾಚೀನ ದೇವಾಲಯಗಳ ಊರು. ಇಂದು ಸಾಮಾನ್ಯ ಗ್ರಾಮವಾಗಿರುವ ಇಲ್ಲಿ ಇಷ್ಟು ಶಿಲಾಕಾರ್ಯ ನಡೆದಿದೆಯೆಂದರೆ, ಸಗರನಾಡಿನ ಈ ನೆಲದಲ್ಲಿ ಒಂದು ಕಾಲಕ್ಕೆ ಸಂಪತ್ತು ನೆಲೆಸಿದ್ದಿತೆಂಬುದು ಸ್ಪಷ್ಟ. ಸಂಪತ್ತು ಒಂದು ಊರಿಗೆ ಏಕೆ ಬರುತ್ತದೆ, ಏಕೆ ಅದನ್ನು ತೊರೆಯುತ್ತದೆ ಎಂಬ ಪ್ರಶ್ನೆಗೆ ಭೀಮೆಯ ಆಚೆಗಿರುವ ಮಳಖೇಡದ ಚರಿತ್ರೆಯಲ್ಲಿ ಉತ್ತರ ದೊರೆಯುತ್ತದೆ.

ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ (814–878) ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿ, ಪಾಲುಗಾರಿಕೆ ಮತ್ತು ಚಿನ್ನದ ಬಣ್ಣಗಳ ಲೆಕ್ಕಗಳಿಗೆ ಸ್ಥಾನ ಕೊಟ್ಟಿದ್ದಾರೆ. ವಣಿಜರ ಬದುಕು ಅಂದು ಶಾಸ್ತ್ರದ ಗಮನಕ್ಕೂ ಬಂದಿತ್ತು. 972ರಲ್ಲಿ ಪರಮಾರ ಸೀಯಕನು ನಗರವನ್ನು ಲೂಟಿ ಮಾಡಿದನು. ಮುಂದೆ ರಾಜಧಾನಿಯು ಕಲ್ಯಾಣಕ್ಕೆ ಹೋಯಿತು. ಆಸ್ಥಾನವನ್ನು ನೆಚ್ಚಿದ ವ್ಯಾಪಾರವು ಆಸ್ಥಾನದೊಡನೆಯೇ ಸಾಗಿತು. ನೇಮಿನಾಥ ಬಸದಿ ಉಳಿಯಿತು.

ಸಾವಿರ ವರ್ಷಗಳ ನಂತರ ಅದೇ ಮಳಖೇಡಕ್ಕೆ ಸಿಮೆಂಟ್ ಕಾರ್ಖಾನೆ ಬಂದಿತು. ಈ ಸಲ ಕರೆದದ್ದು ಅರಸನಲ್ಲ, ನೆಲದೊಳಗಿನ ಸುಣ್ಣದ ಕಲ್ಲು. ಇದರ ತತ್ತ್ವವನ್ನು ಜರ್ಮನಿಯ ಆಲ್ಫ್ರೆಡ್ ವೇಬರ್ 1909ರಲ್ಲಿ ವಿವರಿಸಿದನು. ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಕಚ್ಚಾಮಾಲು ಉದ್ಯಮವನ್ನು ತನ್ನ ಬಳಿಗೆ ಎಳೆಯುತ್ತದೆ. ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಕಲ್ಲನ್ನು ದೂರ ಸಾಗಿಸುವುದಕ್ಕಿಂತ ಗಣಿಯ ಬಳಿ ಭಟ್ಟಿ ಹೂಡುವುದೇ ಲಾಭ. ವಾಡಿ, ಶಹಾಬಾದಗಳ ಕಥೆಯೂ ಇದೇ.

ಹತ್ತಿಯ ಲೆಕ್ಕವೂ ಹೀಗೆಯೇ. ಬಿಡಿಸಿದ ಹತ್ತಿಯಲ್ಲಿ ಅರಳೆ ಮೂರನೆಯ ಒಂದು ಪಾಲು ಮಾತ್ರ. ಉಳಿದದ್ದು ಬಹುಪಾಲು ಕಾಳು. ಆದ್ದರಿಂದ ಜಿನ್ನಿಂಗ್ ಮಿಲ್ಲುಗಳು ಹೊಲಗಳ ಸಮೀಪದ ಪೇಟೆಗಳಲ್ಲಿವೆ. ಅರಳೆಯು ನೂಲಾಗುವಾಗ ಹೆಚ್ಚು ತೂಕ ಕಳೆಯದು; ಅದು ಎಷ್ಟು ದೂರದ ಗಿರಣಿಗಾದರೂ ಹೋಗಬಲ್ಲುದು. 1871ರಲ್ಲಿ ಮುಂಬಯಿಯ ರೈಲುಮಾರ್ಗ ರಾಯಚೂರನ್ನು ಮುಟ್ಟಿದಾಗ ಯಾದಗಿರಿಗೆ ಆ ದಾರಿ ತೆರೆಯಿತು. ಹಳಿಯಿಂದ ದೂರ ಉಳಿದ ಶಹಾಪುರ, ಸುರಪುರಗಳಿಗೆ ಅದು ದಕ್ಕಲಿಲ್ಲ. ಮುಂದೆ ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಇಲ್ಲಿ ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಎದ್ದವು. ರಾಜಾಶ್ರಯ, ಖನಿಜ, ಹಳಿ, ನೀರು – ಊರಿನ ಭಾಗ್ಯ ಬದಲಿಸುವ ಕಾರಣಗಳು ಕಾಲಕಾಲಕ್ಕೆ ಬೇರೆ.

ಆದರೆ ವೇಬರನ ತಕ್ಕಡಿಯು ಕಾರ್ಖಾನೆಯ ಖರ್ಚನ್ನಷ್ಟೇ ತೂಗುತ್ತದೆ. ಸಿಮೆಂಟಿನ ಚೀಲ ಊರು ಬಿಟ್ಟು ಹೋಗುತ್ತದೆ. ಧೂಳು ಮತ್ತು ಗಣಿಯ ಹಳ್ಳ ಊರಿನಲ್ಲಿಯೇ ಉಳಿಯುತ್ತವೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ 'ಅತಿಭಾರಾರೋಪಣ'ವನ್ನು, ಅಂದರೆ ಶಕ್ತಿ ಮೀರಿ ಹೊರೆ ಹೇರುವುದನ್ನು, ಎಣಿಸಿದೆ. ಎತ್ತಿನ ಬೆನ್ನಿಗೆ ಹೇಳಿದ ಈ ಮಾತು ಊರಿನ ಕೆರೆಗೆ, ಹೊಲಕ್ಕೆ, ಕೂಲಿಗಾರನ ಉಸಿರಿಗೆ ಅನ್ವಯಿಸದೇ? ಜಾಗ ಕೊಳ್ಳುವ ವ್ಯಾಪಾರಿಯೂ, ನಿಧಿ ಹೂಡುವ ಬಸದಿಯ ಟ್ರಸ್ಟೂ ಸಾಗಾಣಿಕೆಯ ಖರ್ಚಿನ ಜೊತೆಗೆ ಈ ಹೊರೆಯನ್ನೂ ಖಾತೆಗೆ ಬರೆಯಬೇಕು. ಕಚ್ಚಾಮಾಲು ಉದ್ಯಮವನ್ನು ಎಲ್ಲಿಗೆ ಎಳೆಯಿತೋ ಅಲ್ಲಿನ ಜನರು ಆ ಉದ್ಯಮಕ್ಕೆ ನೆಲ ಕೊಟ್ಟವರು. ಲಾಭದಲ್ಲಿ ಅವರ ಪಾಲು ದಾನವಲ್ಲ, ತೀರಿಸಬೇಕಾದ ಸಾಲ.