ಹೆಣ್ಣುನಾಯಿಯ ದಿನಗಣನೆ

ಹೆಣ್ಣುನಾಯಿಯ ಗರ್ಭದ ದಿನ ಎಣಿಸುವ ಪದ್ಧತಿ ಬಹಳ ಹಳೆಯದು. ಗ್ರೀಸಿನ ಲಕೋನಿಯದ ಬೇಟೆನಾಯಿ ಸುಮಾರು 60 ದಿನಕ್ಕೆ, ಒಂದೆರಡು ದಿನ ಹೆಚ್ಚುಕಡಿಮೆಯಾಗಿ ಮರಿ ಹಾಕುತ್ತದೆಂದು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲೇ ಅರಿಸ್ಟಾಟಲ್ ಬರೆದಿದ್ದ. ಬರಿಗಣ್ಣಿನ ಕಾಲಕ್ಕೆ ಅದು ಅಚ್ಚರಿಯ ನಿಖರತೆ. ಆದರೆ ಬಸಿರು ನಿಜವೇ ಎಂದು ತಿಳಿಯುವುದು ಸುಲಭವಲ್ಲ: ಹೊಟ್ಟೆ ಉಬ್ಬುವುದು, ಮೊಲೆಯಲ್ಲಿ ಹಾಲಿಳಿಯುವುದು, ಮೂಲೆ ಕೆರೆದು ಜಾಗ ಮಾಡಿಕೊಳ್ಳುವುದು ಹುಸಿ ಬಸಿರಿನಲ್ಲೂ ಉಂಟು. ಬಸಿರಾಗಲಿ ಬಿಡಲಿ, ಬೆದೆಯ ನಂತರ ಪ್ರೊಜೆಸ್ಟರಾನ್ ಹಾರ್ಮೋನು ಸುಮಾರು ಎರಡು ತಿಂಗಳು ರಕ್ತದಲ್ಲಿದ್ದು, ಅದು ಇಳಿಯುವಾಗ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಏರುವುದೇ ಇದಕ್ಕೆ ಕಾರಣ. ಎಕ್ಸ್-ರೇ ಬಂದ ಮೇಲೆ, 45 ದಿನ ದಾಟಿದರೆ ಮರಿಗಳ ಎಲುಬೇ ಕಂಡು ಸಂದೇಹ ತೀರತೊಡಗಿತು. ಅವಧಿ ಮೀರಿದ್ದನ್ನು ಗುರುತಿಸುವುದು ಇನ್ನೂ ತೊಡಕು: ಗಂಡು ಕೂಡಿದ ದಿನದಿಂದ ಎಣಿಸಿದರೆ 58ರಿಂದ 72 ದಿನ, ಅಂಡ ಬಿಡುಗಡೆಯಿಂದಾದರೆ ಸುಮಾರು 63. ಹಾರ್ಮೋನು ಪರೀಕ್ಷೆಯಿಂದಲೇ ಈ ಎರಡನೆಯ ಲೆಕ್ಕ ಕೈಗೆ ಸಿಕ್ಕಿದ್ದು. ಹಸಿರು ಸ್ರಾವ ಕಂಡೂ ಮರಿ ಬಾರದಿದ್ದರೆ ದಿನ ಎಣಿಸದೆ ಪಶುವೈದ್ಯರನ್ನು ಕರೆಯಬೇಕು.