ಹೊಸ ಕಿಡ್ನಿ ಹೇಳಿದ ಸಾಕ್ಷಿ

ಫ್ಲೆಮಿಂಗ್ಸ್‌ಬೆರ್ಯ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಹುಡ್ಡಿಂಗೆ ಆಸ್ಪತ್ರೆ ಇದೆ. 1972ರಲ್ಲಿ ಶುರುವಾದ ಇದು ಈಗ ಕರೋಲಿನ್‌ಸ್ಕಾ ವಿಶ್ವವಿದ್ಯಾಲಯ ಆಸ್ಪತ್ರೆಯ ಭಾಗ. ನಮ್ಮ ಮನೆಮನೆಯಲ್ಲೂ ಇರುವ ಒಂದು ಕಾಯಿಲೆಯ ಚರಿತ್ರೆಯ ಮುಖ್ಯ ಪುಟ ಬರೆದದ್ದು ಇಲ್ಲೇ ಎಂದು ನಮಗೆ ಬಹಳ ದಿನ ಗೊತ್ತಿರಲಿಲ್ಲ.

ಅದು ಸಕ್ಕರೆ ಕಾಯಿಲೆ. "ಸ್ವಲ್ಪ ಶುಗರ್ ಇದೆ, ಅಷ್ಟೇ ಕಣಪ್ಪ" ಎಂದು ಊರಿಂದ ಅಪ್ಪ ಫೋನಿನಲ್ಲಿ ಹೇಳುತ್ತಾರೆ. "ಮಾತ್ರೆ ತಗೋತಿದ್ದೀರಲ್ಲ" ಎಂದು ನಾವೂ ಮಾತು ಮುಗಿಸುತ್ತೇವೆ.

1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟಾಗ, ಸಾಯುತ್ತಿದ್ದ ಮಕ್ಕಳು ಎದ್ದು ಕೂತರು. ಆದರೆ ಹದಿನೈದು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹಲವರ ಕಣ್ಣು ಮಂಜಾಯಿತು, ಕಿಡ್ನಿ ಸೋತಿತು. ಇದಕ್ಕೆ ಕಾರಣ ರಕ್ತದ ಸಕ್ಕರೆಯೋ, ಅಥವಾ ಕಾಯಿಲೆಯ ಜೊತೆಗೇ ಹುಟ್ಟಿಬಂದ ಬೇರೇನಾದರೂ ದೋಷವೋ? ವೈದ್ಯರು ಅರ್ಧ ಶತಮಾನ ಜಗಳವಾಡಿದರು.

ಹುಡ್ಡಿಂಗೆಯಲ್ಲಿ ಕಾರ್ಲ್-ಗುಸ್ತಾವ್ ಗ್ರೋಟ್ ಅವರ ತಂಡ ಮಧುಮೇಹಿಗಳಿಗೆ ಕಿಡ್ನಿ ಕಸಿ ಮಾಡುತ್ತಿತ್ತು. ಕೆಲವರಿಗೆ ಕಿಡ್ನಿಯ ಜೊತೆ ಮೇದೋಜೀರಕ ಗ್ರಂಥಿಯನ್ನೂ ಕೂಡಿಸಿತು. ಕಿಡ್ನಿ ಮಾತ್ರ ಪಡೆದವರಲ್ಲಿ ಆರೋಗ್ಯವಂತರ ಆ ಕಿಡ್ನಿಯಲ್ಲೂ ಕೆಲ ವರ್ಷಗಳಲ್ಲಿ ಮಧುಮೇಹದ ಗುರುತು ಮೂಡಿತು. ಗ್ರಂಥಿಯನ್ನೂ ಪಡೆದು ಸಕ್ಕರೆ ಹದಕ್ಕೆ ಬಂದವರ ಕಿಡ್ನಿಯಲ್ಲಿ ಅದು ಕಾಣಲಿಲ್ಲ. ಇದು 1985ರಲ್ಲಿ ಪ್ರಕಟವಾಯಿತು. ರೋಗಿಗಳು ಬೆರಳೆಣಿಕೆಯಷ್ಟೇ. ಆದರೂ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದರ ತರ್ಕ ಬೇಗ ಹಿಡಿಸುತ್ತದೆ: ಹೊಸ ಯಂತ್ರಕ್ಕೆ ಹಳೇ ಇನ್‌ಪುಟ್ ಕೊಟ್ಟರೆ ಹಳೇ ದೋಷವೇ ಮರಳುತ್ತದೆ. ತಪ್ಪು ಯಂತ್ರದಲ್ಲಿರಲಿಲ್ಲ.

ದೊಡ್ಡ ಸಾಕ್ಷ್ಯವೂ ಸ್ಟಾಕ್‌ಹೋಮಿನಿಂದಲೇ ಬಂತು. ಪೆರ್ ರೈಚಾರ್ಡ್ ಮತ್ತು ಸಂಗಡಿಗರು ಟೈಪ್ 1 ಇದ್ದ 102 ಜನರನ್ನು ಏಳೂವರೆ ವರ್ಷ ಗಮನಿಸಿದರು. 1993ರ ಜುಲೈಯಲ್ಲಿ ಬಂದ ಅವರ ವರದಿಯಂತೆ, ಸಾಮಾನ್ಯ ಚಿಕಿತ್ಸೆಯವರಲ್ಲಿ 52% ಮಂದಿಗೆ ಕಣ್ಣಿನ ಗಂಭೀರ ತೊಂದರೆಯಾದರೆ, ಬಿಗಿಯಾದ ಚಿಕಿತ್ಸೆಯವರಲ್ಲಿ 27% ಮಂದಿಗೆ. ಎರಡು ತಿಂಗಳಲ್ಲೇ 1,441 ಜನರ ಅಮೆರಿಕನ್ ಅಧ್ಯಯನವೂ ಅದನ್ನೇ ಹೇಳಿತು. ನಮ್ಮ ಅಪ್ಪಂದಿರಿಗಿರುವ ಟೈಪ್ 2 ಬಗ್ಗೆ ಬ್ರಿಟನ್ನಿನ ಉತ್ತರ 1998ರಲ್ಲಿ ಬಂತು: ಕಣ್ಣು, ಕಿಡ್ನಿಗಳ ಸಣ್ಣ ರಕ್ತನಾಳಗಳ ತೊಂದರೆ ಕಾಲುಭಾಗ ಇಳಿದಿತ್ತು.

ಹಾಗಂತ ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದು ಎಂದಲ್ಲ. ಸಕ್ಕರೆ ಅತಿಯಾಗಿ ಕುಸಿಯುವುದೂ ಅಪಾಯ. ಹೃದ್ರೋಗದ ಭಯವಿದ್ದ ಹಿರಿಯರಲ್ಲಿ ಬಹಳ ಬಿಗಿ ಹಿಡಿಯಲು ಹೋದ ಅಮೆರಿಕದ ಒಂದು ಪ್ರಯೋಗದಲ್ಲಿ ಸಾವು ಹೆಚ್ಚಿದ್ದರಿಂದ, 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ನಿಲ್ಲಿಸಿದರು. ಗುರಿ ಎಷ್ಟಿರಬೇಕೆಂದು ವಯಸ್ಸು ನೋಡಿ ಅವರವರ ಡಾಕ್ಟರೇ ಹೇಳಬೇಕು.

ಊರಿನ ವರದಿ ಓದಲು ಒಂದು ಸುಳಿವು. ಬೆರಳು ಚುಚ್ಚಿದ ಲೆಕ್ಕ ಆ ಕ್ಷಣದ್ದು. ಎಚ್‌ಬಿಎ1ಸಿ ಎರಡು ಮೂರು ತಿಂಗಳ ದಾಖಲೆ. ಅಲ್ಲಿನ 7% ಇಲ್ಲಿನ ವರದಿಯಲ್ಲಿ 53. ರಕ್ತದ ಸಕ್ಕರೆ ಅಲ್ಲಿ 126 ಎಂದರೆ ಇಲ್ಲಿ 7.

ಈಚೆಗೆ ಭಾನುವಾರದ ಫೋನಿನಲ್ಲಿ ನಾವು ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇವೆ: "ಅಪ್ಪ, ಈ ವರ್ಷ ಕಣ್ಣು ತೋರಿಸಿದಿರಾ?" ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಕಣ್ಣು ಚೆನ್ನಾಗೇ ಕಾಣ್ತಿದೆಯಲ್ಲೋ!" ಚೆನ್ನಾಗಿ ಕಾಣುವಾಗಲೇ ತೋರಿಸಬೇಕು ಎಂದು ಮತ್ತೆ ಹೇಳುತ್ತೇವೆ. ನೀವೂ ಹೇಳಿ.