ಕತ್ತಿನ ಕಶೇರುಕಗಳ ಬೆಸುಗೆ

ಕತ್ತಿನ ಏಳು ಕಶೇರುಕಗಳಲ್ಲಿ ಎರಡನ್ನೋ ಹೆಚ್ಚನ್ನೋ ಒಂದೇ ಮೂಳೆಯಾಗಿ ಕೂಡಿಸುವ ಶಸ್ತ್ರಚಿಕಿತ್ಸೆ. ಕಶೇರುಕಗಳ ನಡುವಿನ ಡಿಸ್ಕ್ ಜಾರಿ ನರವನ್ನೋ ಬೆನ್ನುಹುರಿಯನ್ನೋ ಒತ್ತಿದಾಗ, ಪೆಟ್ಟಿನಿಂದ ಮೂಳೆಗಳು ಸಡಿಲಗೊಂಡಾಗ ಇದು ಬೇಕಾಗುತ್ತದೆ.

ಹೆಚ್ಚು ರೂಢಿಯಲ್ಲಿರುವುದು ಮುಂಭಾಗದಿಂದ ಮಾಡುವ ವಿಧಾನ. 1950ರ ದಶಕದಲ್ಲಿ ಅಮೆರಿಕದ ರಾಬಿನ್ಸನ್ ಮತ್ತು ಸ್ಮಿತ್ ಇದನ್ನು ರೂಪಿಸಿದರು. 1958ರಲ್ಲಿ ಹವಾಯಿಯ ರಾಲ್ಫ್ ಕ್ಲೋವರ್ಡ್ ದುಂಡನೆಯ ಮೂಳೆತುಂಡು ಕೂರಿಸುವ ಕ್ರಮವನ್ನು ಪ್ರಕಟಿಸಿದರು. ಕತ್ತಿನ ಚರ್ಮದ ಮಡಿಕೆಗುಂಟ ಸಣ್ಣದಾಗಿ ಕೊಯ್ದು, ಶ್ವಾಸನಾಳ, ಅನ್ನನಾಳಗಳನ್ನು ಒಂದು ಪಕ್ಕಕ್ಕೂ ದೊಡ್ಡ ರಕ್ತನಾಳಗಳನ್ನು ಇನ್ನೊಂದು ಪಕ್ಕಕ್ಕೂ ಸರಿಸಿದರೆ, ಸ್ನಾಯುಗಳನ್ನು ಹೆಚ್ಚು ಕತ್ತರಿಸದೆಯೇ ಬೆನ್ನೆಲುಬು ಕೈಗೆಟುಕುತ್ತದೆ. ಡಿಸ್ಕ್ ತೆಗೆದ ಜಾಗದಲ್ಲಿ ಸೊಂಟದ ಮೂಳೆಯ ಚೂರನ್ನೋ ಕೇಜ್ ಎಂಬ ಕೃತಕ ಚೌಕಟ್ಟನ್ನೋ ಇಟ್ಟು, ಸಾಮಾನ್ಯವಾಗಿ ಟೈಟೇನಿಯಂ ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. ಲೋಹ ಆಸರೆ ಮಾತ್ರ. ನಿಜವಾದ ಬೆಸುಗೆ ಮುಂದಿನ ತಿಂಗಳುಗಳಲ್ಲಿ ಬೆಳೆಯುವ ಹೊಸ ಮೂಳೆಯದು. ಧೂಮಪಾನ ಈ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಇದನ್ನು ರೋಗಿಗೆ ಮೊದಲೇ ಒತ್ತಿ ಹೇಳಲೇಬೇಕು. ಶಸ್ತ್ರಚಿಕಿತ್ಸೆಯ ನಂತರ ನುಂಗಲು ಕಷ್ಟವಾಗುವುದು, ದನಿ ಗೊಗ್ಗರಾಗುವುದು ಬಹುಪಾಲು ತಾತ್ಕಾಲಿಕ.

ಹಲವು ಮೂಳೆಗಳನ್ನು ಕೂಡಿಸಬೇಕಾದಾಗ ಹಿಂಭಾಗದಿಂದ ಸ್ಕ್ರೂ, ಸರಳು ಅಳವಡಿಸುವುದುಂಟು. ತಲೆಬುರುಡೆಯ ಕೆಳಗಿನ ಮೊದಲೆರಡು ಕಶೇರುಕಗಳಿಗೆ ಮುಂಬೈನ ಅತುಲ್ ಗೋಯಲ್ 1994ರಲ್ಲಿ ವಿವರಿಸಿದ ಸ್ಕ್ರೂ-ಪ್ಲೇಟ್ ವಿಧಾನವನ್ನು ಜರ್ಮನಿಯ ಹಾರ್ಮ್ಸ್ 2001ರಲ್ಲಿ ಸರಳುಗಳೊಂದಿಗೆ ಮಾರ್ಪಡಿಸಿದರು. ಜಗತ್ತು ಅದನ್ನು ಗೋಯಲ್-ಹಾರ್ಮ್ಸ್ ತಂತ್ರವೆಂದು ಕರೆಯುತ್ತದೆ. ಕತ್ತು ಹೊರಳುವಿಕೆಯ ಸುಮಾರು ಅರ್ಧದಷ್ಟು ನಡೆಯುವುದು ಈ ಎರಡು ಕಶೇರುಕಗಳ ನಡುವಿನ ಕೀಲಿನಲ್ಲೇ; ಅದನ್ನು ಬೆಸೆದ ಮೇಲೆ ಪಕ್ಕಕ್ಕೆ ನೋಡಲು ಭುಜವನ್ನೂ ತಿರುಗಿಸಬೇಕಾಗುತ್ತದೆ.